ಬಿಸಿ ಬೀರು

ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಮಡಿಸಿಟ್ಟ ಬಟ್ಟೆಯನ್ನು ಮತ್ತೆ ಬೀರುವಿನೊಳಗೆ ತುಂಬಿ ಕಾಯಿಸುವವರನ್ನು ಎಲ್ಲಾದರೂ ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ಊರಿಗೆಲ್ಲ ಅಂಥ ಲಾಂಡ್ರಿ ಒಂದೇ ಇತ್ತು. ಅದನ್ನು ನಡೆಸುತ್ತಿದ್ದವಳು ಬಿಸಿಯಕ್ಕ.

ಬಿಸಿಯಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಅವಳ ಕೈಯಿಂದ ಬಟ್ಟೆಯ ಗಂಟು ಇಸಿದುಕೊಂಡರೆ ಆಗತಾನೇ ಒಲೆಯಿಂದ ಇಳಿಸಿದ ಹಾಗೆ ಬೆಚ್ಚಗಿರುತ್ತಿತ್ತು. ಅದಕ್ಕೇ ಆ ಹೆಸರು ಎಂದು ಅವಳು ನಂಬಿಕೊಂಡಿದ್ದಳು. ಅವಳ ಕೋಪಕ್ಕೂ ಆ ಹೆಸರಿಗೂ ಏನಾದರೂ ಸಂಬಂಧವಿದೆಯೇ ಎಂದು ಯಾರಾದರೂ ಕೇಳಿದರೆ ಅವಳ ಗಂಡ ಬಟ್ಟೆ ತಲುಪಿಸುವ ವ್ಯಾನ್ ಸ್ಟಾರ್ಟ್ ಮಾಡುತ್ತಿದ್ದ.

ಲಾಂಡ್ರಿ ಎಂದರೆ ದೊಡ್ಡದೇನಲ್ಲ. ಒಂದು ಚಪ್ಪಲಿ ಅಂಗಡಿ, ಒಂದು ಔಷಧಿ ಅಂಗಡಿ, ಅವೆರಡರ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ, ಮೇಲೆ ಅವರ ಮನೆ, ಅದರ ಮೇಲೆ ತಾರಸಿ. ಮುಂದೆ ಕೌಂಟರು, ಅದರ ಹಿಂದೆ ಇಸ್ತ್ರಿಯ ಮೇಜು, ಆಮೇಲೆ ಒಗೆಯುವ ಮೆಷಿನ್ನುಗಳು, ಗ್ಯಾಸಿನಲ್ಲಿ ಉರಿಯುವ ಡ್ರೈಯರು. ಎಲ್ಲಕ್ಕಿಂತ ಕೊನೆಗೆ ಗೋಡೆಗೆ ಒತ್ತಿ ನಿಲ್ಲಿಸಿದ ಬಿಸಿ ಬೀರು. ಹಳೆಯ ಸ್ಟೀಲ್ ಬೀರುವಿನ ತಳಕ್ಕೆ ತಂತಿಯ ಸುರುಳಿ ಕೂರಿಸಿ ಕರೆಂಟ್ ಕೊಟ್ಟಿದ್ದರು, ಅಷ್ಟೇ. ಬೆಳಿಗ್ಗೆ ಅಂಗಡಿಯ ಬಾಗಿಲು ಮೇಲೆದ್ದಾಗ ಅದು ಹೊತ್ತಿಕೊಂಡರೆ ರಾತ್ರಿ ಬಾಗಿಲು ಇಳಿಯುವವರೆಗೂ ಗುಂಯ್ ಎನ್ನುತ್ತಲೇ ಇರುತ್ತಿತ್ತು.

ಅದಕ್ಕೊಂದು ಕಾರಣವಿತ್ತು, ಇಲ್ಲವೆಂದಲ್ಲ. ಲಾಂಡ್ರಿ ತೆರೆದ ಹೊಸದರಲ್ಲಿ ಅವರ ಬಳಿ ಡ್ರೈಯರ್ ಇರಲಿಲ್ಲ. ಜಡಿಮಳೆ ಹಿಡಿದು ಬಟ್ಟೆ ಒಣಗಲಿಲ್ಲ, ಕೊಡುವ ದಿನ ಮಾತ್ರ ತಪ್ಪದೆ ಬಂತು. ಇಸ್ತ್ರಿಯ ಬಿಸಿಗೇ ಒಣಗಿರುತ್ತದೆ ಎಂದುಕೊಂಡು ಬಿಸಿಯಕ್ಕ ಒಬ್ಬನಿಗೆ ಗಂಟು ಕೊಟ್ಟು ಕಳಿಸಿದಳು. ಅವನು ಸ್ವಲ್ಪ ಹೊತ್ತಿಗೇ ತಿರುಗಿ ಬಂದ. ಅಂಗಡಿಯ ತುಂಬ ಜನ. ಗಂಟನ್ನು ಕೌಂಟರಿನ ಮೇಲೆ ಬಿಸಾಕಿ, "ಹಸಿ ಬಟ್ಟೆ ಕೊಟ್ಟು ಒಣಗಿದೆ ಅಂತೀಯಲ್ಲಾ, ನಾಚಿಕೆ ಆಗಲ್ವಾ ನಿಂಗೆ? ನಿನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ" ಎಂದು ಕೂಗಾಡಿದ. ನೆಲ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ. ಇನ್ನು ಮುಂದೆ ಈ ಕೌಂಟರಿನಿಂದ ತಣ್ಣನೆಯ ಬಟ್ಟೆ ಹೊರಗೆ ಹೋದರೆ ಕೇಳಿ ಎಂದು ಅವತ್ತೇ ಶಪಥ ಮಾಡಿದಳು. ಬೆಚ್ಚಗಿದ್ದ ಮೇಲೆ ಒಣಗಿದೆಯೋ ಇಲ್ಲವೋ ಎಂದು ಯಾರು ಕೇಳುತ್ತಾರೆ?

ಆಮೇಲೆ ಡ್ರೈಯರ್ ಬಂತು, ಹಸಿ ಬಟ್ಟೆಯ ಮಾತೇ ಮರೆತುಹೋಯಿತು. ಕೂಗಾಡಿದವನು ಊರು ಬಿಟ್ಟು ಎಲ್ಲಿಗೋ ಹೋದ. ಬೀರು ಮಾತ್ರ ಉರಿಯುತ್ತಲೇ ಉಳಿಯಿತು. ಯಾಕೆ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಇತ್ತು.

ಅವಳು ಬಿಸಿಯಕ್ಕನ ವಾರಗಿತ್ತಿ. ಮೈದುನನ ಹೆಂಡತಿ. ಮದುವೆಯಾಗಿ ಬಂದಾಗ ತುಂಬ ಎಳೆಯವಳಿದ್ದಳೆಂದು ಎಲ್ಲರೂ 'ಚಿಕ್ಕವಳು' ಎಂದರು, ಈಗ ತಲೆಯಲ್ಲಿ ನಾಲ್ಕು ಬಿಳಿಕೂದಲು ಕಂಡರೂ ಅವಳು ಚಿಕ್ಕವಳೇ. ಗಂಡ ರೈಲಿನಲ್ಲಿ ಗಾರ್ಡು, ಮನೆಗೆ ಬಂದರೆ ನಿದ್ದೆ, ಎದ್ದರೆ ರೈಲು. ಹಾಗಾಗಿ ಚಿಕ್ಕವಳ ಸಂಸಾರವೆಲ್ಲ ಅಕ್ಕನ ಜೊತೆಗೇ. ಅಂಗಿಯ ಕಾಲರು ಮಡಿಸುವುದನ್ನು, ರಕ್ತದ ಕಲೆ ತೆಗೆಯುವುದನ್ನು, ಬಾಕಿ ಉಳಿಸುವ ಗಿರಾಕಿಯನ್ನು ಮುಖ ನೋಡಿಯೇ ಗುರುತಿಸುವುದನ್ನು ಬಿಸಿಯಕ್ಕನೇ ಕಲಿಸಿದ್ದಳು. ದಿನಕ್ಕೆ ಹತ್ತು ಸಲ ಜಗಳ, ಹನ್ನೊಂದು ಸಲ ಟೀ. ಇಬ್ಬರಲ್ಲಿ ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳಿಗೆ ಊಟ ಸೇರುತ್ತಿರಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಬಿಸಿಯಕ್ಕನದಲ್ಲ.

ಹೀಗಿರುವಾಗ ಒಂದು ದಿನ ಲಾಡ್ಜಿನ ಮ್ಯಾನೇಜರ್ ಬಂದ. ಬೀದಿಯ ಕೊನೆಯ ಲಾಡ್ಜಿನ ಹಾಸಿಗೆ ಬಟ್ಟೆ, ಟವೆಲ್ಲುಗಳೆಲ್ಲ ಇಲ್ಲಿಗೇ ಬರುತ್ತಿದ್ದವು. ಲಾಂಡ್ರಿಯ ಅರ್ಧ ಕೆಲಸ ಅದೇ. ಮ್ಯಾನೇಜರ್ ಮೆಲುಮಾತಿನ ಮನುಷ್ಯ, ಜೋರಾಗಿ ಸೀನಿದರೂ ಕ್ಷಮೆ ಕೇಳುವವನು.

"ಅಮ್ಮಾ, ನಮ್ಮ ಮಾಲೀಕರು ಒಂದು ತೀರ್ಮಾನ ಮಾಡಿದಾರೆ," ಎಂದ. "ಲಾಡ್ಜಿಂದ ಗಾಳಿಗೆ ಸೇರೋ ಕಾರ್ಬನ್ನು ಅರ್ಧಕ್ಕೆ ಇಳಿಸ್ಬೇಕಂತೆ. ದೀಪ ಬದಲಾಯಿಸಿದ್ವಿ, ಸ್ನಾನದ ನೀರಿಗೆ ಸೋಲಾರ್ ಹಾಕಿದ್ವಿ. ಈಗ ನೋಡಿದ್ರೆ ಬಟ್ಟೆ ಒಗೆಸೋದೇ ದೊಡ್ಡ ಪಾಲು. ನಿಮ್ಮಲ್ಲಿ ಎಷ್ಟು ಉರಿಯುತ್ತೆ ಅಂತ ತಿಳ್ಕೊಳ್ಳೋಣ ಅಂತ ಬಂದೆ."

ಬಿಸಿಯಕ್ಕನ ಮುಖ ಕೆಂಪಾಯಿತು. "ನಾವು ಬಟ್ಟೆ ಒಗೆಯೋರು ಸ್ವಾಮಿ, ಇದ್ದಿಲು ಸುಡೋರಲ್ಲ. ಹೊಗೆ ಎಲ್ಲಿದೆ ತೋರ್ಸಿ ನೋಡೋಣ. ಈ ಕಡೆ ಗೋಡೆ ಮುಟ್ಟಿ, ಬೆರಳಿಗೆ ಮಸಿ ಹತ್ತಿದ್ರೆ ನನ್ನನ್ನ ಕೇಳಿ."

"ಹೊಗೆ ಇಲ್ಲಿ ಕಾಣಲ್ಲ ಅಕ್ಕಾ," ಎಂದಳು ಚಿಕ್ಕವಳು ಹಿಂದಿನಿಂದ. "ಕರೆಂಟ್ ತಯಾರು ಮಾಡೋ ಕಡೆ ಕಲ್ಲಿದ್ದಲು ಉರೀತಿರುತ್ತಲ್ಲ, ಅಲ್ಲಿ ಕಾಣುತ್ತೆ. ನಾವಿಲ್ಲಿ ಸ್ವಿಚ್ ಹಾಕಿದ್ರೆ ಅಲ್ಲಿ ಹೊಗೆ ಏಳುತ್ತೆ."

"ನಿನ್ನನ್ನ ಯಾರೇ ಕೇಳಿದ್ದು?"

ಮ್ಯಾನೇಜರ್ ಮಾತ್ರ ಚಿಕ್ಕವಳ ಕಡೆಗೇ ತಿರುಗಿದ. ಲಾಂಡ್ರಿಯವರು ಉರಿ ಇಳಿಸಿದರೆ ಬಟ್ಟೆ ಇಲ್ಲೇ ಬರುತ್ತದೆ, ಆಗುವುದಿಲ್ಲ ಎಂದರೆ ಲಾಡ್ಜಿನ ನೆಲಮಾಳಿಗೆಯಲ್ಲಿ ತಾವೇ ಒಂದು ಲಾಂಡ್ರಿ ಮಾಡಿಕೊಳ್ಳುತ್ತಾರೆ ಎಂದು ವಿವರಿಸಿದ. ಹಾಗೆ ಮಾಡಿಕೊಂಡರೆ ಅದನ್ನು ನೋಡಿಕೊಳ್ಳಲು ತಿಳಿದವರೊಬ್ಬರು ಬೇಕು. "ನಿಮ್ಮಂಥೋರು ಬಂದ್ರೆ ನಮಗೆ ಯೋಚನೆ ಇಲ್ಲ," ಎಂದು ಚಿಕ್ಕವಳಿಗೆ ಹೇಳಿ, ಯಾರಿಗೂ ಬೇಸರವಾಗದಿರಲಿ ಎಂದು ಬಿಸಿಯಕ್ಕನಿಗೂ ಒಂದು ನಮಸ್ಕಾರ ಹಾಕಿ ಹೊರಟುಹೋದ.

ಲಾಡ್ಜಿನ ಬಟ್ಟೆ ಹೋದರೆ ಬೇರೆ ಬಟ್ಟೆ ಬಂದೀತು. ಚಿಕ್ಕವಳು ಹೋದರೆ? ಆ ಯೋಚನೆ ಬಂದದ್ದೇ ತಡ ಬಿಸಿಯಕ್ಕನಿಗೆ ಕೋಪ ಉಕ್ಕಿತು, ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು.

ಚಿಕ್ಕವಳು ಅವತ್ತಿನಿಂದ ಸುಮ್ಮನಿರಲಿಲ್ಲ. ಗಂಡನ ಗೆಳೆಯನೊಬ್ಬನಿಂದ ಒಂದು ಸಣ್ಣ ಮೀಟರು ತಂದಳು. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಅದಕ್ಕೆ ಮೆಷಿನ್ ಸಿಕ್ಕಿಸಿದರೆ ಎಷ್ಟು ಕರೆಂಟ್ ತಿನ್ನುತ್ತಿದೆ ಎಂದು ತೋರಿಸುತ್ತಿತ್ತು. ಒಂದೊಂದು ದಿನ ಒಂದೊಂದಕ್ಕೆ ಹಾಕಿ ನೋಡಿದಳು. ಕೊನೆಗೆ ಟೀ ಹೊತ್ತಿನಲ್ಲಿ, ಅಕ್ಕನ ಮುಖ ಸ್ವಲ್ಪ ಸಡಿಲಾದದ್ದು ನೋಡಿ ಮಾತು ತೆಗೆದಳು.

"ಅಕ್ಕಾ, ಬೈಬೇಡ. ಒಗೆಯೋ ಮೆಷಿನ್ನೆಲ್ಲ ಸೇರಿ ತಿನ್ನೋದಕ್ಕಿಂತ ಆ ಬೀರು ಒಂದೇ ಜಾಸ್ತಿ ತಿನ್ನುತ್ತೆ."

"ತಿನ್ಲಿ ಬಿಡು. ನಿಮ್ಮಪ್ಪನ ಮನೆ ಗಂಟು ತಿಂತಿದೆಯಾ?"

"ಒಣಗಿರೋ ಬಟ್ಟೇನ ಮತ್ತೆ ಕಾಯಿಸ್ತಿದೀವಿ ಅಕ್ಕ. ಯಾರಾದ್ರೂ ಕೇಳಿದ್ರೆ ನಗ್ತಾರೆ."

"ನಗೋರು ಬರ್ಲಿ, ನಾನೂ ನೋಡ್ತೀನಿ!" ಬಿಸಿಯಕ್ಕ ಲೋಟ ಕೆಳಗಿಟ್ಟಳು. "ಬೆಚ್ಚಗಿನ ಬಟ್ಟೆ ಅಂತಾನೇ ಜನ ಇಲ್ಲಿಗೆ ಬರೋದು. ಅದನ್ನೂ ಕಿತ್ಕೊಂಡ್ರೆ ನನಗೇನು ಉಳೀತು? ಅಷ್ಟು ಬೇಡವಾದ್ರೆ ಹೋಗು, ಆ ಲಾಡ್ಜಿಗೇ ಹೋಗು. ಯಾರು ಬೇಡ ಅಂದ್ರು?"

ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತನ್ನು ವಾಪಸ್ಸು ಎಳೆದುಕೊಳ್ಳಲು ಬಾರದ ಹೆಂಗಸು. ಚಿಕ್ಕವಳು ಮೆಲ್ಲಗೆ ಹೇಳಿದಳು: "ನನಗೆ ಹೋಗೋಕೆ ಇಷ್ಟ ಇಲ್ಲ. ಆದ್ರೆ ಗೊತ್ತಿದ್ದೂ ಗೊತ್ತಿದ್ದೂ ಒಣ ಬಟ್ಟೆ ಕಾಯಿಸ್ತಾ ಕೂತ್ಕೊಳ್ಳೋಕೂ ಆಗಲ್ಲ. ನನ್ನ ಮಾತಿಗೆ ಈ ಅಂಗಡೀಲಿ ಜಾಗ ಇದೆಯೋ ಇಲ್ವೋ, ಅಷ್ಟು ಹೇಳು."

ಮರುದಿನ ಬೆಳಿಗ್ಗೆ ಬಿಸಿಯಕ್ಕ ಪೊರಕೆ ಹಿಡಿದುಕೊಂಡು ತಾರಸಿಗೆ ಹತ್ತಿದಳು. ಅವಳ ಪ್ರಕಾರ ಉತ್ತರ ಎಂದರೆ ಅದೇ.

ತಾರಸಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮುರಿದ ಕುರ್ಚಿ, ತುಕ್ಕು ಹಿಡಿದ ಡಬ್ಬ, ಪಾರಿವಾಳದ ಸಂಸಾರ. ಬಿಸಿಯಕ್ಕ, ಚಿಕ್ಕವಳು, ಬಿಸಿಯಕ್ಕನ ಗಂಡ ಮೂವರೂ ಸೇರಿ ಎಲ್ಲವನ್ನೂ ಇಳಿಸಿ, ತೊಳೆದು, ಈ ಗೋಡೆಯಿಂದ ಆ ಗೋಡೆಗೆ ತಂತಿ ಬಿಗಿದರು. ಬಿಸಿಲು ಅಲ್ಲಿ ಇಷ್ಟು ವರ್ಷ ಪುಕ್ಕಟೆ ಬಿದ್ದು ಹೋಗುತ್ತಿತ್ತಲ್ಲ ಎಂದು ಗಂಡ ಲೊಚಗುಟ್ಟಿದ. "ಮಳೆ ಬಂದ್ರೆ ಡ್ರೈಯರ್ ಇದ್ದೇ ಇದೆ ಭಾವ," ಎಂದಳು ಚಿಕ್ಕವಳು. "ಬಿಸಿಲಿದ್ದ ದಿನ ಅದರ ತಂಟೆಗೆ ಹೋಗೋದು ಬೇಡ."

ಒಂದರ ಹಿಂದೆ ಒಂದು ಬದಲಾವಣೆ ಬಂತು. ಮೆಷಿನ್ನು ತುಂಬದೆ ಓಡಿಸುವುದು ನಿಂತಿತು. ಬರೀ ಬೆವರಿನ ಬಟ್ಟೆಯನ್ನು ತಣ್ಣೀರಿನಲ್ಲೇ ಒಗೆದು ನೋಡಿದರು. ಬಿಸಿನೀರಿನಲ್ಲಿ ಒಗೆದದ್ದರ ಪಕ್ಕದಲ್ಲಿಟ್ಟಾಗ ಯಾವುದು ಯಾವುದೆಂದು ಬಿಸಿಯಕ್ಕನಿಗೇ ಹೇಳಲಾಗಲಿಲ್ಲ. ಅಡುಗೆಮನೆಯವರ ಏಪ್ರನ್ನು, ಕಾಯಿಲೆಯವರ ಹಾಸಿಗೆ ಬಟ್ಟೆಗೆ ಮಾತ್ರ ಬಿಸಿನೀರು ಉಳಿಯಿತು. ಬಿಸಿನೀರಿನ ಪೈಪಿಗೆ ದಪ್ಪನೆಯ ಸ್ಪಂಜಿನ ಹೊದಿಕೆ ಬಂತು. ವ್ಯಾನಿನ ಓಡಾಟವೂ ಬದಲಾಯಿತು. ಮುಂಚೆ ಒಂದು ಅಂಗಿ ತಯಾರಾದರೂ ಗಂಡ ವ್ಯಾನ್ ತೆಗೆದುಕೊಂಡು ಊರಿನ ಆ ತುದಿಗೆ ಹೋಗಿ, ಬಂದು, ಮತ್ತೆ ಅದೇ ಬೀದಿಗೆ ಇನ್ನೊಂದು ಅಂಗಿ ಕೊಡಲು ಹೋಗುತ್ತಿದ್ದ. ಈಗ ಒಂದು ಬಡಾವಣೆಗೆ ಒಂದು ದಿನ. ಹತ್ತಿರದ ಮನೆಗಳಿಗೆ ಸೈಕಲ್ಲು.

"ಈ ವಯಸ್ಸಲ್ಲಿ ಸೈಕಲ್ ತುಳಿಸ್ತಿದೀರಲ್ಲೇ," ಎಂದು ಅವನು ಗೊಣಗಿದ. ಹಾಗೆ ಗೊಣಗುತ್ತಲೇ ಪ್ಯಾಂಟಿನ ಬೆಲ್ಟನ್ನು ಒಂದು ತೂತು ಒಳಗೆ ಸರಿಸಿದ್ದನ್ನು ಇಬ್ಬರೂ ನೋಡಿದರು.

ಕೊನೆಗೆ ಬೀರುವಿನ ಸರದಿ. "ಆಯ್ತು ಕಣೇ, ಆರ್ಸು," ಎಂದಳು ಬಿಸಿಯಕ್ಕ, ಮುಖ ಆ ಕಡೆ ತಿರುಗಿಸಿಕೊಂಡು. ಚಿಕ್ಕವಳು ಸ್ವಿಚ್ ಆರಿಸಿದಳು. ಗುಂಯ್‌ಗುಟ್ಟುವ ಸದ್ದು ನಿಂತು ಅಂಗಡಿಯಲ್ಲಿ ಮೊದಲ ಸಲ ಬೀದಿಯ ಗಲಾಟೆ ಕೇಳಿಸಿತು. ಚಿಕ್ಕವಳು ಸಂತೋಷಕ್ಕೆ ಅಕ್ಕನ ತೋಳು ಹಿಡಿದು ಅಲ್ಲಾಡಿಸಿ, ಅವತ್ತೇ ಲಾಡ್ಜಿಗೆ ಹೋಗಿ ಮ್ಯಾನೇಜರಿಗೆ ಹೇಳಿ ಬಂದಳು: ನಾವು ಇಳಿಸಿದ್ದೇವೆ, ಬೀರುವನ್ನೂ ನಿಲ್ಲಿಸಿದ್ದೇವೆ, ಬೇಕಾದರೆ ಬಂದು ನೋಡಿ.

ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಬಿಸಿಯಕ್ಕನ ಹಣೆಬರಹದಲ್ಲಿ ಸುಲಭದ ಕೆಲಸ ಬರೆದಿರಲಿಲ್ಲ, ಬರೆದಿದ್ದರೂ ಅವಳು ಅಳಿಸಿ ಹಾಕುವವಳು.

ಚಿಕ್ಕವಳು ಈಗ ಹಗಲೆಲ್ಲ ತಾರಸಿಯ ಮೇಲೆ. ಕೌಂಟರಿನಲ್ಲಿ ಬಿಸಿಯಕ್ಕ ಒಬ್ಬಳೇ. ಗಿರಾಕಿ ಬಂದ, ಅವಳು ಗಂಟು ಎತ್ತಿದಳು, ಕೈಗೆ ತಣ್ಣಗೆ ತಗುಲಿತು. ಒಣಗಿದೆ ಎಂದು ಬುದ್ಧಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಆ ಹಳೆಯ ಕೂಗಾಟ ಕಿವಿಯೊಳಗೆ ಎದ್ದು ಕೂತಿತು. "ಒಂದ್ನಿಮಿಷ ಇರಿ," ಎಂದು ಒಳಗೆ ಹೋಗಿ ಬೀರುವಿನ ಸ್ವಿಚ್ ಹಾಕಿದಳು. ಇದೊಂದು ಸಲ ಎಂದುಕೊಂಡಳು. ಮಾರನೆಯ ದಿನವೂ ಇದೊಂದು ಸಲ. ಮೂರನೆಯ ದಿನದಿಂದ ಅದೂ ಅನ್ನಿಸಲಿಲ್ಲ. ಮೆಟ್ಟಿಲ ಮೇಲೆ ಚಿಕ್ಕವಳ ಹೆಜ್ಜೆ ಕೇಳಿಸಿದರೆ ಓಡಿಹೋಗಿ ಆರಿಸುತ್ತಿದ್ದಳು, ಹೆಜ್ಜೆ ಮೇಲೇರಿದರೆ ಮತ್ತೆ ಹಾಕುತ್ತಿದ್ದಳು. ಇಷ್ಟು ವಯಸ್ಸಾದ ಹೆಂಗಸು ಹೀಗೆ ಕಳ್ಳಾಟ ಆಡುವುದೇ ಎಂದು ನೀವು ಕೇಳಬಹುದು. ಅವಳೂ ಕೇಳಿಕೊಂಡಳು. ಕೇಳಿಕೊಂಡೇ ಹಾಕಿದಳು.

ಒಂದು ಮಧ್ಯಾಹ್ನ ಚಿಕ್ಕವಳು ಬೀದಿಯ ಕಡೆಯಿಂದ ಬಂದಳು, ಮೆಟ್ಟಿಲಿನಿಂದಲ್ಲ. ಜೊತೆಗೆ ಮ್ಯಾನೇಜರ್. ಅವಳ ಮುಖ ಅರಳಿತ್ತು. ತಾರಸಿ ತೋರಿಸಿದಳು, ಪೈಪಿನ ಹೊದಿಕೆ ತೋರಿಸಿದಳು, ಸೈಕಲ್ಲನ್ನೂ ತೋರಿಸಿದಳು. "ಇದೇ ನೋಡಿ ಸಾರ್, ನಾನು ಹೇಳಿದ್ನಲ್ಲ ಬೀರು. ಈಗ ಬರೀ ಬಟ್ಟೆ ಇಡೋಕೆ," ಎಂದು ಬಾಗಿಲು ತೆರೆದಳು.

ಬಿಸಿ ಗಾಳಿ ಅವಳ ಮುಖಕ್ಕೆ ಹೊಡೆಯಿತು. ಒಳಗೆ ಲಾಡ್ಜಿನ ಟವೆಲ್ಲುಗಳೇ ಸಾಲಾಗಿ ಕಾಯುತ್ತಿದ್ದವು.

ಮ್ಯಾನೇಜರ್ ಕೆಮ್ಮಿ, "ಪರವಾಗಿಲ್ಲ, ಪರವಾಗಿಲ್ಲ," ಎಂದ. ಆಮೇಲೆ ಚಿಕ್ಕವಳ ಕಡೆ ನೋಡಿ, "ನೀವು ಹೇಳಿದ್ರಿ ಅಂತ ನಾನು ಮಾಲೀಕರಿಗೆ ಹೇಳ್ಬಿಟ್ಟಿದ್ದೆ," ಎಂದ. ಅವನು ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಚಿಕ್ಕವಳು ಬೀರುವಿನ ಬಾಗಿಲು ಮುಚ್ಚಿದಳು. ಮೈಮೇಲಿನ ಏಪ್ರನ್ ಬಿಚ್ಚಿ, ಅಕ್ಕ ಕಲಿಸಿದ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಿಸಿ, ಕೌಂಟರಿನ ಮೇಲಿಟ್ಟಳು. ಮೆಟ್ಟಿಲು ಹತ್ತಿ ಮನೆಗೆ ಹೋದಳು. ಬೈದಿದ್ದರೆ ಬಿಸಿಯಕ್ಕ ತಿರುಗಿ ಬೈಯುತ್ತಿದ್ದಳು, ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದಳು. ಸುಮ್ಮನೆ ಹೋದವಳನ್ನು ಏನು ಮಾಡುವುದು?

ಅವತ್ತು ರಾತ್ರಿಯ ಊಟ ಯಾರ ಗಂಟಲಲ್ಲೂ ಇಳಿಯಲಿಲ್ಲ. ಬೆಳಿಗ್ಗೆ ಬಿಸಿಯಕ್ಕ ಎದ್ದು ನೋಡಿದರೆ ಚಿಕ್ಕವಳ ಕೋಣೆಯ ಬಾಗಿಲು ತೆರೆದಿತ್ತು, ಅವಳಿರಲಿಲ್ಲ.

"ಲಾಡ್ಜಿಗೆ ಹೋದ್ಲು," ಎಂದ ಗಂಡ. "ಆ ಕೆಲಸಕ್ಕೆ ಬರ್ತೀರಾ ಇಲ್ವಾ ಅಂತ ಇವತ್ತು ಉತ್ತರ ಕೊಡ್ಬೇಕಂತೆ."

ಬಿಸಿಯಕ್ಕ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. "ನಾನು ಅವಳ ಮರ್ಯಾದೆ ತೆಗೆದೆ ಕಣ್ರೀ," ಎಂದಳು. "ಆ ದಿನ ಅವನ್ಯಾವನೋ ನನ್ನ ಮಾತಿಗೆ ಬೆಲೆ ಇಲ್ಲ ಅಂದಿದ್ದಕ್ಕೆ ಇಷ್ಟು ವರ್ಷ ಉರಿದೆ. ಈಗ ಅವಳ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿದ್ದು ನಾನೇ. ಅದೂ ನನ್ನ ಮಗು ಥರ ಸಾಕಿದೋಳ ಮಾತಿಗೆ." ಹಾಗೆಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಂಡ ಅವಳು ಅಳುವುದನ್ನು ನೋಡಿ ಅಭ್ಯಾಸವಿಲ್ಲದವನು, ಏನೂ ತೋಚದೆ ಇಕ್ಕಳ ತಂದು ಕೈಗೆ ಕೊಟ್ಟ.

ಇಕ್ಕಳ ಯಾಕೆ ಎಂದು ಅವಳು ಕೇಳಲಿಲ್ಲ. ಕೆಳಗೆ ಹೋಗಿ ಪ್ಲಗ್ಗು ಕಿತ್ತು, ಬೀರುವಿನ ತಳದ ಸುರುಳಿಯನ್ನು ಎಳೆದೆಳೆದು ಹೊರಗೆ ತೆಗೆದಳು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಗಿರಾಕಿಗಳು ನಿಂತಾಗಿತ್ತು.

ಮೊದಲು ಬಂದವಳು ಹಲ್ಲಿನ ಡಾಕ್ಟರಮ್ಮ. ಬಿಸಿಯಕ್ಕ ಅವಳ ಬಿಳಿ ಕೋಟುಗಳ ಗಂಟನ್ನು ಎತ್ತಿ ಕೌಂಟರಿನ ಮೇಲಿಟ್ಟಳು. "ಡಾಕ್ಟ್ರೇ, ಇವತ್ತು ಬಟ್ಟೆ ತಣ್ಣಗಿದೆ. ಇನ್ನು ಯಾವತ್ತೂ ತಣ್ಣಗೇ ಇರುತ್ತೆ. ಆದ್ರೆ ಒಣಗಿದೆ. ಬೇಕಾದ್ರೆ ಬಿಚ್ಚಿ ನೋಡಿ."

ಡಾಕ್ಟರಮ್ಮ ಕಣ್ಣರಳಿಸಿದಳು. "ಅಬ್ಬಾ! ಬದುಕಿದೆ!"

"ಏನಂದ್ರಿ?"

"ತಪ್ಪು ತಿಳೀಬೇಡಿ. ಬಿಸಿ ಇರೋವಾಗ್ಲೇ ಕಟ್ಟಿಟ್ರೆ ಒಳಗೆಲ್ಲ ಬೆವರಿ ಸುಕ್ಕಾಗುತ್ತೆ. ಮನೆಗೆ ಹೋದ ತಕ್ಷಣ ಬಿಚ್ಚಿ, ಕುರ್ಚಿ ಮೇಲೆಲ್ಲ ಹರಡಿ, ಫ್ಯಾನ್ ಹಾಕಿ ಆರಿಸ್ತಿದ್ದೆ."

"ನಾನೂ ಅಷ್ಟೇ," ಎಂದ ಅವಳ ಹಿಂದೆ ನಿಂತಿದ್ದ ಬಡಗಿ.

ಬಿಸಿಯಕ್ಕ ಗಂಡನ ಕಡೆ ತಿರುಗಿದಳು. ಅವನು ಸೈಕಲ್ಲಿನ ಚೈನನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದ. "ನೀವೂನಾ?" ಎಂದಳು. "ಸ್ವಲ್ಪ ಕೊಡವಿ ಹಾಕ್ಕೋತಿದ್ದೆ," ಎಂದ ಅವನು, ಚೈನಿಗೆ.

"ಅಯ್ಯೋ ದೇವರೇ! ಡಾಕ್ಟ್ರೇ, ಊರೋರ ಬಾಯೆಲ್ಲ ಬಿಡಿಸೋರು ನೀವು, ಇಷ್ಟು ವರ್ಷ ನಿಮಗೆ ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

"ನಿಮ್ಮ ಹತ್ರಾನಾ?" ಎಂದಳು ಡಾಕ್ಟರಮ್ಮ, ನಿಜವಾಗಿಯೂ ಹೆದರಿದವಳ ಹಾಗೆ.

ಬಿಸಿಯಕ್ಕನಿಗೆ ಮೊದಲು ಕೋಪ ಬಂತು, ಅದು ಬಾಯಿಗೆ ಬರುವಷ್ಟರಲ್ಲಿ ನಗುವಾಗಿತ್ತು. ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಎಲ್ಲರಿಗೂ ಹಾಗೇ ಆಯಿತು ಎಂದುಕೊಳ್ಳಬೇಡಿ. ಬಸ್ಸಿನ ಕಂಡಕ್ಟರಿಗೆ ಬೆಳಗಿನ ಚಳಿಯಲ್ಲಿ ಬೆಚ್ಚನೆಯ ಅಂಗಿಯೇ ಬೇಕಿತ್ತು, ಅವನು ಮುಖ ಗಂಟಿಕ್ಕಿಕೊಂಡೇ ಹೋದ. ಇನ್ನೊಬ್ಬಳು ಮೂರು ಸಲ ಮುಟ್ಟಿ, ಮೂಸಿ ನೋಡಿ ಒಯ್ದಳು. ಹೋಗಲಿ. ಗಂಟನ್ನು ಯಾರೂ ಬಿಸಾಕಲಿಲ್ಲ.

ಲಾಡ್ಜಿನ ಹಾಸಿಗೆ ಬಟ್ಟೆಗಳನ್ನು ತಾರಸಿಯ ತಂತಿಗೆ ಹಾಕುವಾಗ ಚಿಕ್ಕವಳಿಲ್ಲದೆ ಕೈ ಸಾಲಲಿಲ್ಲ. ಇನ್ನೊಂದು ತುದಿ ಹಿಡಿಯುವವರಿಲ್ಲದೆ ಹಾಸುಗಳು ನೆಲಕ್ಕೆ ಇಳಿಬೀಳುತ್ತಿದ್ದವು. ಹೇಗೋ ಹಾಕಿ ಮುಗಿಸಿ, ಮಧ್ಯಾಹ್ನ ಗಿರಾಕಿಗಳು ಕಡಿಮೆಯಾಗುವವರೆಗೆ ಕೌಂಟರಿನಲ್ಲಿ ಕೂತಳು. "ಅಂಗಡಿ ನೋಡ್ಕೊಳ್ಳಿ," ಎಂದು ಗಂಡನಿಗೆ ಹೇಳಿ, ಏಪ್ರನ್ನಿನಲ್ಲೇ ಬೀದಿಗಿಳಿದಳು. ಅವಳು ಬೈಯುತ್ತ ನಡೆಯುವುದನ್ನು ಬೀದಿಯವರು ನೋಡಿದ್ದರು, ತಲೆ ತಗ್ಗಿಸಿ ನಡೆಯುವುದನ್ನು ನೋಡಿರಲಿಲ್ಲ. ಚಿಕ್ಕವಳು ಒಪ್ಪಿಬಿಟ್ಟಿದ್ದರೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಒಪ್ಪಿದ್ದರೂ ಹೇಳಬೇಕಾದ್ದನ್ನು ಹೇಳಿಯೇ ಬರುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು.

ಮ್ಯಾನೇಜರ್ ತನ್ನ ಮೇಜಿನ ಹಿಂದೆ ಕೂತಿದ್ದ. ಎದುರಿನ ಬೆಂಚಿನ ಮೇಲೆ ಚಿಕ್ಕವಳು. ಬಿಸಿಯಕ್ಕ ಅವಳ ಕಡೆ ನೋಡಲಾರದೆ ಮ್ಯಾನೇಜರಿಗೇ ಹೇಳಿದಳು.

"ಸ್ವಾಮಿ, ಬೀರು ಹಾಕಿದ್ದು ನಾನು. ಇವಳಿಗೆ ಗೊತ್ತಿರ್ಲಿಲ್ಲ. ಇವಳು ಹೇಳಿದ್ದೆಲ್ಲ ನಿಜ, ಸುಳ್ಳು ನನ್ನದು. ಇವತ್ತು ತಂತಿ ಕಿತ್ತು ಹಾಕಿದೀನಿ. ಹೇಳ್ದೆ ಕೇಳ್ದೆ ಯಾವಾಗ ಬೇಕಾದ್ರೂ ಬನ್ನಿ, ಯಾವ ಬಾಗಿಲು ಬೇಕಾದ್ರೂ ತೆಗೆದು ನೋಡಿ. ನಿಮ್ಮ ಬಟ್ಟೆ ಕೊಡ್ತೀರೋ ಬಿಡ್ತೀರೋ ನಿಮ್ಮಿಷ್ಟ. ಇವಳ ಮಾತನ್ನ ಮಾತ್ರ ಯಾರೂ ಸುಳ್ಳು ಅನ್ಬೇಡಿ."

ಮ್ಯಾನೇಜರ್ ಎದ್ದು ನಿಂತು ಕೈ ಜೋಡಿಸಿದ. "ಅಮ್ಮಾ, ನೀವು ಬಂದ್ರಲ್ಲ, ನನ್ನ ಪುಣ್ಯ. ಇವರು ಬೆಳಿಗ್ಗೆಯಿಂದ ಇಲ್ಲೇ ಕೂತಿದಾರೆ. ಕೆಲಸಕ್ಕೆ ಬರ್ತೀರಾ ಅಂದ್ರೆ, ಅಕ್ಕನ್ನ ಒಂದು ಮಾತು ಕೇಳ್ಬೇಕು ಅಂತಾರೆ. ಹಾಗಾದ್ರೆ ಹೋಗಿ ಕೇಳ್ಕೊಂಡು ಬನ್ನಿ ಅಂದ್ರೆ, ಅಕ್ಕನ ಜೊತೆ ಮಾತು ಬಿಟ್ಟಿದೀನಿ ಅಂತಾರೆ. ನಾನೇನು ಮಾಡ್ಲಿ, ನೀವೇ ಹೇಳಿ!"

ಬಿಸಿಯಕ್ಕ ಈಗ ತಿರುಗಿ ನೋಡಿದಳು. ಚಿಕ್ಕವಳ ಕಣ್ಣು ಊದಿಕೊಂಡಿತ್ತು, ಮೂಗು ಕೆಂಪಾಗಿತ್ತು, ಗಲ್ಲ ಮಾತ್ರ ಹಟದಲ್ಲಿ ಮೇಲಕ್ಕೆ ನಿಂತಿತ್ತು. ಆ ಹಟವನ್ನೂ ತಾನೇ ಕಲಿಸಿದ್ದು ಎಂದು ಬಿಸಿಯಕ್ಕನಿಗೆ ಅನ್ನಿಸಿತು.

"ಕೇಳು ಮತ್ತೆ," ಎಂದಳು.

"ಹೋಗ್ಲಾ ಅಕ್ಕ?" ಎಂದು ಕೇಳಿದಳು ಚಿಕ್ಕವಳು.

"ಬೇಡ ಕಣೇ. ನೀನಿಲ್ದೆ ನನಗೆ ಆಗಲ್ಲ. ಒಂದು ಹಾಸು ಹಾಕೋಕೂ ಆಗಲ್ಲ." ಬಿಸಿಯಕ್ಕ ಏಪ್ರನ್ನಿನ ತುದಿಯಲ್ಲಿ ಮೂಗೊರೆಸಿಕೊಂಡಳು. "ಆದ್ರೆ ಹೋಗು ಅಂತ ಅವತ್ತು ನಾನೇ ಅಂದಿದ್ದೆ. ಹೋದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲ. ಮಾಡ್ಕೋತೀನಿ, ಆದ್ರೆ ನಿನ್ನ ಮುಂದೆ ತೋರಿಸಲ್ಲ. ತೀರ್ಮಾನ ನಿಂದೇ."

ಚಿಕ್ಕವಳು ಉತ್ತರ ಕೊಡಲು ಬಾಯಿ ತೆರೆದವಳು ಕಿಟಕಿಯ ಕಡೆ ನೋಡಿದಳು. ಹೊರಗೆ ಬೆಳಕು ಮಂಕಾಗಿತ್ತು.

"ಅಕ್ಕಾ, ಹಾಸುಗಳನ್ನ ತಾರಸಿ ಮೇಲೆ ಹಾಕಿದೀಯಾ?"

"ಎಲ್ಲಾನೂ."

"ಮೋಡ ಆಗಿದೆ. ಓಡು!"

ಇಬ್ಬರೂ ಓಡಿದರು. ಚಪ್ಪಲಿ ಅಂಗಡಿಯವನು ಎದ್ದು ನಿಂತು ನೋಡಿದ. ಅವರ ಹಿಂದೆ ಮ್ಯಾನೇಜರ್ ಕೂಡ, ದಾರಿಯಲ್ಲಿ ಸಿಕ್ಕವರಿಗೆಲ್ಲ ಕ್ಷಮಿಸಿ, ಕ್ಷಮಿಸಿ ಎನ್ನುತ್ತ ಓಡಿ ಬಂದ. ಎಷ್ಟಾದರೂ ಹಾಸುಗಳು ಅವನವು. ತಾರಸಿಗೆ ಹತ್ತುವಷ್ಟರಲ್ಲಿ ಗಾಳಿ ಎದ್ದಿತ್ತು, ಮಳೆ ಇನ್ನೂ ಬಿದ್ದಿರಲಿಲ್ಲ. ಬಿಸಿಯಕ್ಕ ಕ್ಲಿಪ್ಪು ಕಿತ್ತಳು, ಚಿಕ್ಕವಳು ಹಾಸು ಎಳೆದಳು, ಮ್ಯಾನೇಜರ್ ಎರಡೂ ತೋಳು ಚಾಚಿ ನಿಂತ. ಅವನ ಮೇಲೆ ಹೇರುತ್ತಾ ಹೋದರು, ಕೊನೆಗೆ ಅವನ ಮುಖವೇ ಕಾಣದಾಯಿತು. ಒಳಗಿನಿಂದ ಅವನು ಏನೋ ಹೇಳಿದ. ಮುಂದಿನ ವಾರದ ಬಟ್ಟೆ ಕಳಿಸುತ್ತೇನೆ, ನಡುನಡುವೆ ಬಂದು ನೋಡುತ್ತೇನೆ ಎಂದಿರಬೇಕು. ಮೆಟ್ಟಿಲು ತಡವುತ್ತ ಕೆಳಗೆ ಇಳಿದುಹೋದ.

ಕೊನೆಯ ಹಾಸು ಉಳಿದಿತ್ತು. ಇಬ್ಬರೂ ಎರಡೆರಡು ಮೂಲೆ ಹಿಡಿದು, ಜಾಡಿಸಿ, ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಿದರು. ಮೊದಲ ಹನಿಗಳು ಸಿಮೆಂಟಿನ ಮೇಲೆ ಟಪಟಪ ಬಿದ್ದವು.

"ಒಣಗಿದೆಯೇನೇ?" ಎಂದು ಕೇಳಿದಳು ಬಿಸಿಯಕ್ಕ.

"ಒಣಗಿದೆ ಅಕ್ಕ."

ಬಿಸಿಯಕ್ಕ ಮುಟ್ಟಿ ನೋಡಲಿಲ್ಲ. "ಸರಿ, ಹಾಗಾದ್ರೆ ಕಟ್ಟು," ಎಂದು ತನ್ನ ಕೈಯಲ್ಲಿದ್ದ ಎರಡು ಮೂಲೆಗಳನ್ನೂ ಅವಳಿಗೆ ಕೊಟ್ಟಳು.